ಹಿತ್ತಲಿನಿಂದ ಗುರು, ಶನಿ, ಮಂಗಳ: ಮನೆಯ ಟೆಲಿಸ್ಕೋಪಿನಲ್ಲಿ ಗ್ರಹಗಳ ಫೋಟೋ ತೆಗೆಯುವ ಪೂರ್ತಿ ವಿಧಾನ

ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲ. ಅದನ್ನು 200 ಕಿಲೋಮೀಟರ್ ದೂರದಿಂದ ನೋಡಿದರೆ ಎಷ್ಟು ಕಾಣಬಹುದು, ಯೋಚನೆ ಮಾಡಿ. ವಿಜಯಪುರದಿಂದ ಹೊರಟು, ಹುಬ್ಬಳ್ಳಿಯನ್ನೂ ದಾಟಿ ಇನ್ನೊಂದಿಷ್ಟು ಆಚೆ ನಿಂತು ತಿರುಗಿ ನೋಡಬೇಕು, ನಡುವೆ ಭೂಮಿಯ ಉಬ್ಬು ಅಡ್ಡ ಬರಬಾರದು. ಆಗ ಆ ಗುಮ್ಮಟ ಎಷ್ಟು ಕಾಣುತ್ತದೋ ಆಕಾಶದಲ್ಲಿ ಗುರುಗ್ರಹ ಅಷ್ಟೇ ಕಾಣುತ್ತದೆ. ಅದೂ ನಮಗೆ ಹತ್ತಿರ ಬಂದ ದಿನಗಳಲ್ಲಿ. ಅಷ್ಟು ಸಣ್ಣ ಬಿಲ್ಲೆಯ ಮೇಲಿನ ಕಂದು ಪಟ್ಟೆಗಳನ್ನು, ಕೆಂಪು ಮಚ್ಚೆಯನ್ನು ಮನೆಯ ಹಿತ್ತಲಿನಿಂದಲೇ ಫೋಟೋದಲ್ಲಿ ಹಿಡಿಯಬಹುದು. ನಾನು ಹಿಡಿದಿದ್ದೇನೆ, ನೀವೂ ಹಿಡಿಯಬಹುದು.

ಈ ಲೆಕ್ಕ ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಟೆಲಿಸ್ಕೋಪ್ ಮನೆಗೆ ಬಂದ ಮೊದಲ ವಾರ ಎಲ್ಲರೂ ಹುಡುಕುವುದು ಜಾಸ್ತಿ ಜೂಮ್ ಎಲ್ಲಿ ಸಿಗುತ್ತದೆ ಅಂತ. ನನಗೂ ಒಬ್ಬ ಅಂಗಡಿಯವರು ಇದೊಂದು ಇದ್ದರೆ ಸಾಕು ಅಂತ 4 ಪಟ್ಟಿನ ಬಾರ್ಲೋ ಲೆನ್ಸ್, ಅಂದರೆ ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸುವ ಲೆನ್ಸ್, ಕೊಟ್ಟಿದ್ದರು. ಹಾಕಿ ನೋಡಿದೆ. ಗುರು ದೊಡ್ಡದಾಯಿತು, ಆದರೆ ನೀರಲ್ಲಿ ಬಿದ್ದ ಸೋಪಿನ ತುಂಡಿನ ಹಾಗೆ ಕದಡಿ ಹೋಗಿತ್ತು. ಗ್ರಹ ದೊಡ್ಡದಾದಷ್ಟೇ ಗಾಳಿಯ ಅಲುಗಾಟವೂ ದೊಡ್ಡದಾಗಿತ್ತು. ಗ್ರಹದ ಫೋಟೋ ಚೆನ್ನಾಗಿ ಬರುವುದು ಗಾಳಿ ನಿಂತ ಗಳಿಗೆಯಲ್ಲಿ. ಜಾಗ, ಹೊತ್ತು, ಫೋಕಸ್, ಕೊನೆಗೆ ಕಂಪ್ಯೂಟರಿನಲ್ಲಿ ಮಾಡುವ ಕೆಲಸ, ಎಲ್ಲವೂ ಆ ಗಳಿಗೆಯನ್ನು ಹಿಡಿಯಲಿಕ್ಕೇ ಇರುವುದು.

ವಿಧಾನ ಒಂದೇ ಮಾತಲ್ಲಿ ಹೇಳುತ್ತೇನೆ. ಬಕೆಟ್ ನೀರಿನ ತಳದಲ್ಲಿ ಒಂದು ನಾಣ್ಯ ಹಾಕಿ, ನೀರನ್ನು ಸ್ವಲ್ಪ ಕಲಕಿ ನೋಡಿ. ನಾಣ್ಯ ಕುಣಿಯುತ್ತದೆ, ಹರಿದ ಹಾಗೆ ಕಾಣುತ್ತದೆ, ಆದರೆ ನಡುನಡುವೆ ಒಂದು ಕ್ಷಣ ಅಕ್ಷರ ಕೂಡ ಓದುವ ಹಾಗೆ ಸ್ಪಷ್ಟ ಆಗುತ್ತದೆ. ನಾವು ಗ್ರಹದ ಫೋಟೋ ತೆಗೆಯುವುದಿಲ್ಲ, ವಿಡಿಯೋ ತೆಗೆಯುತ್ತೇವೆ. ಸಾವಿರಾರು ಫ್ರೇಮಿನಲ್ಲಿ ಸ್ಪಷ್ಟ ಇದ್ದ ಕೆಲವನ್ನು ಮಾತ್ರ ಕಂಪ್ಯೂಟರ್ ಆರಿಸಿ ಒಂದರ ಮೇಲೊಂದು ಜೋಡಿಸಿ ಒಂದು ಚಿತ್ರ ಮಾಡುತ್ತದೆ. ಇದಕ್ಕೆ ಸ್ಟ್ಯಾಕಿಂಗ್ ಅಂತಾರೆ.

ನಮ್ಮೂರಿನ ಆಕಾಶ

ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬಾಗಲಕೋಟೆ, ಬೆಳಗಾವಿಯೂ ಹೆಚ್ಚು ದೂರ ಇಲ್ಲ. ಇದು ನಮಗೆ ದೊಡ್ಡ ಲಾಭ, ನಮ್ಮಲ್ಲಿ ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಗ್ರಹಗಳು ನಮ್ಮ ನೆತ್ತಿಯ ಹತ್ತಿರವೇ ಹಾದು ಹೋಗುತ್ತವೆ. 2020ರಲ್ಲಿ ಗುರು ಆಕಾಶದ ದಕ್ಷಿಣ ಭಾಗಕ್ಕೆ ಇಳಿದಿದ್ದಾಗ ಲಂಡನ್ನಿನವರಿಗೆ ಅದು ದಿಗಂತದಿಂದ ಬರೀ 16 ಡಿಗ್ರಿ ಏರುತ್ತಿತ್ತು. ನಮಗೆ ಆಗಲೂ 51 ಡಿಗ್ರಿ ಎತ್ತರದಲ್ಲಿತ್ತು. ನೆತ್ತಿಯ ಮೇಲಿನ ಗ್ರಹದ ಬೆಳಕು ದಾಟಿ ಬರುವ ಗಾಳಿಯನ್ನು ಒಂದು ಪಾಲು ಅಂದುಕೊಂಡರೆ, 60 ಡಿಗ್ರಿ ಎತ್ತರದಲ್ಲಿ ಅದು 1.15 ಪಾಲು, 30 ಡಿಗ್ರಿಯಲ್ಲಿ ಎರಡು ಪಾಲು. ಅಂದರೆ 30 ಡಿಗ್ರಿಗಿಂತ ಕೆಳಗಿದ್ದಾಗ ಸುಮ್ನೆ ವಿಡಿಯೋ ತೆಗೆದು ಹಾರ್ಡ್ ಡಿಸ್ಕ್ ತುಂಬಿಸಬೇಡಿ. ಕಾಯಿರಿ.

ಊರಿನ ಬೀದಿದೀಪದ ಬಗ್ಗೆ ಚಿಂತೆ ಬೇಡ. ಗ್ರಹಗಳು ಅಷ್ಟು ಬೆಳಕಿನವು. 2026ರ ಜನವರಿ 10ರಂದು ಗುರು ಸೂರ್ಯನಿಗೆ ಸರಿಯಾಗಿ ಎದುರು ಬಂದಿತ್ತು, ಅಂದರೆ ಭೂಮಿಯ ಒಂದು ಬದಿಗೆ ಸೂರ್ಯ, ಇನ್ನೊಂದು ಬದಿಗೆ ಗುರು. ಅದರ ಬೆನ್ನಿಗೇ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ. ಊರೆಲ್ಲ ಲೈಟು. ಆದರೂ ಗುರುವಿನ ಪಟ್ಟೆಗಳಿಗೆ ಏನೂ ಆಗಲಿಲ್ಲ. ಹುಣ್ಣಿಮೆ ಇದ್ದರೂ ನಡೆಯುತ್ತದೆ.

ಏನೇನು ಬೇಕು

ನನ್ನದು 6 ಇಂಚಿನ ಡಾಬ್ಸೋನಿಯನ್. 150 ಮಿಲಿಮೀಟರ್ ಕನ್ನಡಿ, 1200 ಮಿಲಿಮೀಟರ್ ಫೋಕಲ್ ದೂರ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ), ಮರದ ಪೀಠದ ಮೇಲೆ ಕೈಯಿಂದಲೇ ತಳ್ಳುವಂಥದ್ದು. ಮೋಟಾರ್ ಇಲ್ಲ. ಇದೇ ಬೇಕು ಅಂತ ಇಲ್ಲ. 4 ಇಂಚಿನದರಲ್ಲಿ ಗುರುವಿನ ಎರಡು ದೊಡ್ಡ ಪಟ್ಟೆ, ಶನಿಯ ಬಳೆ ಬರುತ್ತವೆ. 8 ಇಂಚು ಇದ್ದರೆ ಅದರಲ್ಲೇ ವರ್ಷಗಟ್ಟಲೆ ಕಲಿಯಬಹುದು. ಅಗಲ ಮುಖ್ಯ, ಯಾಕೆಂದರೆ ಸಣ್ಣ ವಿವರವನ್ನು ಬಿಡಿಸಿ ತೋರಿಸುವುದು ಕನ್ನಡಿಯ ಅಗಲ. 150 ಮಿಲಿಮೀಟರ್ ಕನ್ನಡಿ ಹೆಚ್ಚುಕಡಿಮೆ 0.8 ಆರ್ಕ್‌ಸೆಕೆಂಡಿನ ವಿವರ ಬಿಡಿಸುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಗುರು ನಮಗೆ ಹತ್ತಿರ ಇದ್ದಾಗ ಸುಮಾರು 46 ಆರ್ಕ್‌ಸೆಕೆಂಡ್ ಕಾಣುತ್ತದೆ.

ಕ್ಯಾಮೆರಾಕ್ಕೆ ಎರಡು ದಾರಿ. ಕೈಯಲ್ಲಿರುವ ಮೊಬೈಲು ಒಂದು. ಐಪೀಸ್ (ನಾವು ಕಣ್ಣಿಟ್ಟು ನೋಡುವ ಲೆನ್ಸ್) ಜಾಗದಲ್ಲಿ ಕೂರುವ, ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಸೇರುವ ಗ್ರಹದ ಕ್ಯಾಮೆರಾ ಇನ್ನೊಂದು. ಮೊದಲ ಆರು ತಿಂಗಳು ಮೊಬೈಲೇ ಸಾಕು. ಮೊಬೈಲನ್ನು ಐಪೀಸಿಗೆ ಬಿಗಿಯುವ ಅಡಾಪ್ಟರ್ ಮಾತ್ರ ತಗೊಳ್ಳಿ, ಕೈಯಲ್ಲಿ ಹಿಡಿದರೆ ಆಗುವುದಿಲ್ಲ.

ಮೋಟಾರಿನ ಇಕ್ವಟೋರಿಯಲ್ ಸ್ಟ್ಯಾಂಡ್, ಅಂದರೆ ಆಕಾಶ ತಿರುಗಿದ ಹಾಗೆ ತಾನೇ ತಿರುಗುವ ಸ್ಟ್ಯಾಂಡ್, ಕೊಳ್ಳುವವರಿಗೆ ಒಂದು ಎಚ್ಚರಿಕೆ. ಅದರ ಅಕ್ಷ ಧ್ರುವ ನಕ್ಷತ್ರದ ಕಡೆ ನೋಡಬೇಕು. ನಮ್ಮಲ್ಲಿ ಧ್ರುವ ಬರೀ 17 ಡಿಗ್ರಿ ಎತ್ತರದಲ್ಲಿದೆ. ಅಷ್ಟು ಕೆಳಗೆ ಬಾಗಿಸಿದಾಗ ಕೆಲವು ಸ್ಟ್ಯಾಂಡುಗಳಲ್ಲಿ ಟೆಲಿಸ್ಕೋಪಿಗೆ ಸಮತೂಕವಾಗಿ ಹಾಕಿದ ಗುಂಡು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮುಂಚೆ 17 ಡಿಗ್ರಿಗೆ ಇಳಿಸಿ, ಸುತ್ತ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ಮೊದಲ ಹೆಜ್ಜೆ: ಜಾಗ ಮತ್ತು ಕಾವು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಫೋಟೋ ಕೆಡುವುದು ಹೆಚ್ಚಾಗಿ ಇಲ್ಲೇ.

ನಾವೆಲ್ಲ ಮೊದಲು ಹೋಗುವುದು ಮಾಳಿಗೆಗೆ. ಅಲ್ಲಿ ಆಕಾಶ ಬಿಚ್ಚಿ ಕಾಣುತ್ತದೆ, ಗಿಡ ಮರ ಅಡ್ಡ ಬರುವುದಿಲ್ಲ. ಆದರೆ ನಮ್ಮ ಬೇಸಿಗೆ ಗೊತ್ತಲ್ವಾ? ಹಗಲು 40 ಡಿಗ್ರಿ ದಾಟುತ್ತದೆ. ಸ್ಲ್ಯಾಬು ಇಡೀ ದಿನ ಕುಡಿದ ಬಿಸಿಲನ್ನು ಅರ್ಧ ರಾತ್ರಿಯವರೆಗೂ ಬಿಡುತ್ತಲೇ ಇರುತ್ತದೆ. ರೊಟ್ಟಿ ಬೇಯುವಾಗ ಹಂಚಿನ ಮೇಲಿನ ಗಾಳಿ ನಡುಗುವುದನ್ನು ನೋಡಿದ್ದೀರಲ್ಲ, ನಿಮ್ಮ ಟೆಲಿಸ್ಕೋಪಿನ ಬಾಯಿಯ ಮುಂದೆ ಅದೇ ನಡುಗುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಪಕ್ಕದ ಮನೆಯ ಪತ್ರಾಸ್ ಶೆಡ್ಡಿನ ಮೇಲಿಂದ, ಎಸಿಯ ಹೊರಗಿನ ಡಬ್ಬಿಯ ಮೇಲಿಂದ ಗ್ರಹ ನೋಡಿದರೂ ಇದೇ ಕಥೆ. ಇನ್ನೊಂದು ತೊಂದರೆ, ಮಾಳಿಗೆಯ ಮೇಲೆ ಯಾರಾದರೂ ನಡೆದರೆ ಲ್ಯಾಪ್‌ಟಾಪ್ ಪರದೆಯಲ್ಲಿ ಗುರು ಜಿಗಿಯುತ್ತದೆ.

ಅದಕ್ಕೇ ಹಿತ್ತಲು. ಹಸಿ ಮಣ್ಣು, ಹುಲ್ಲು ಇರುವ ಜಾಗ ಎಲ್ಲಕ್ಕಿಂತ ಒಳ್ಳೇದು, ಮಣ್ಣು ಬೇಗ ಆರುತ್ತದೆ. ಫರಸಿ ಹಾಕಿದ ಅಂಗಳ ಎರಡನೇ ಆಯ್ಕೆ. ಮಾಳಿಗೆ ಬಿಟ್ಟು ಬೇರೆ ಜಾಗ ಇಲ್ಲವೆಂದರೆ ಬೇಸಿಗೆಯಲ್ಲಿ ರಾತ್ರಿ ಒಂದರ ನಂತರ ಹೋಗಿ, ಇಲ್ಲಾ ಬೆಳಗಿನ ಜಾವಕ್ಕೆ ಏಳಿ. ಸಂಜೆ ಸ್ಲ್ಯಾಬಿಗೆ ನೀರು ಹೊಡೆಯುವ ಉಪಾಯವೂ ಇದೆ, ಕೆಲಸ ಮಾಡುತ್ತದೆ, ಆದರೆ ಬೇಸಿಗೆಯಲ್ಲಿ ನೀರಿನ ಬೆಲೆ ನಮಗೆ ಗೊತ್ತು. ನಾನು ಅದನ್ನು ಮಾಡುವುದಿಲ್ಲ.

ಟೆಲಿಸ್ಕೋಪಿನ ಕನ್ನಡಿಯೂ ಆರಬೇಕು. ಮನೆಯೊಳಗೆ ಬೆಚ್ಚಗಿದ್ದ ದಪ್ಪ ಗಾಜು ಹೊರಗಿನ ಗಾಳಿಗೆ ಹೊಂದಿಕೊಳ್ಳಲು 6 ಇಂಚಿನದಕ್ಕೆ ಸುಮಾರು ಒಂದು ಗಂಟೆ, 8 ಇಂಚಿನದಕ್ಕೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಆರುವವರೆಗೆ ಕೊಳವೆಯ ಒಳಗೇ ಬಿಸಿಗಾಳಿ ಸುತ್ತುತ್ತದೆ. ನಾನು ಊಟಕ್ಕೆ ಕೂರುವ ಮುಂಚೆ ಟೆಲಿಸ್ಕೋಪನ್ನು ಹಿತ್ತಲಲ್ಲಿ ಇಟ್ಟು ಬರುತ್ತೇನೆ. ಊಟ ಮುಗಿಸಿ, ಎಲ್ಲರ ಜೊತೆ ನಾಲ್ಕು ಮಾತಾಡಿ ಹೊರಗೆ ಬಂದಾಗ ಸರಿ ಹೋಗಿರುತ್ತದೆ.

ಗಾಳಿ ಹೇಗಿದೆ ಅಂತ ನೋಡುವುದು ಸುಲಭ. ನೆತ್ತಿಯ ಮೇಲಿನ ದೊಡ್ಡ ಚಿಕ್ಕಿಯೊಂದನ್ನು ಬರಿಗಣ್ಣಲ್ಲಿ ನೋಡಿ. ಅದು ಪಟಪಟ ಮಿನುಗುತ್ತಿದ್ದರೆ ಮೇಲೆ ಗಾಳಿ ಕದಡಿದೆ. ನಿಧಾನವಾಗಿ, ಸಮನಾಗಿ ಉರಿಯುತ್ತಿದ್ದರೆ ಬೇಗ ಕ್ಯಾಮೆರಾ ಹಚ್ಚಿ. ಒಂದೊಂದು ಸಲ ಆಕಾಶ ಕನ್ನಡಿಯಷ್ಟು ಶುಭ್ರ ಇದ್ದರೂ ಗಾಳಿ ಕೆಟ್ಟಿರುತ್ತದೆ, ತೆಳುವಾಗಿ ಮಂಜು ಕವಿದ ರಾತ್ರಿಯೇ ಗ್ರಹ ಕಲ್ಲಿನ ಹಾಗೆ ನಿಂತಿರುತ್ತದೆ. ಹಾಗಾಗಿ ಬರೀ ಮೋಡ ನೋಡಿ ತೀರ್ಮಾನ ಮಾಡಬೇಡಿ.

ಎರಡನೇ ಹೆಜ್ಜೆ: ಕನ್ನಡಿಗಳನ್ನು ಒಂದೇ ಗೆರೆಗೆ ತರುವುದು

ಇದಕ್ಕೆ ಕೊಲಿಮೇಶನ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ನನ್ನದರಂಥ ನ್ಯೂಟೋನಿಯನ್ ಟೆಲಿಸ್ಕೋಪಿನಲ್ಲಿ ತಳದಲ್ಲಿ ದೊಡ್ಡ ಕನ್ನಡಿ, ಮೇಲೆ ಓರೆಯಾಗಿ ಸಣ್ಣ ಕನ್ನಡಿ. ಐಪೀಸ್ ತೆಗೆದು, ನಡುವೆ ತೂತು ಇರುವ ಮುಚ್ಚಳ ಹಾಕಿ ಒಳಗೆ ನೋಡಿ. ದೊಡ್ಡ ಕನ್ನಡಿ ಪೂರ್ತಿ ದುಂಡಗೆ ಕಾಣುವವರೆಗೆ ಸಣ್ಣ ಕನ್ನಡಿಯ ಮೂರು ಸ್ಕ್ರೂ ತಿರುಗಿಸಿ. ಆಮೇಲೆ ತಳದ ಸ್ಕ್ರೂಗಳಿಂದ, ದೊಡ್ಡ ಕನ್ನಡಿಯ ನಡುವಿನ ಗುರುತು ಮುಚ್ಚಳದ ತೂತಿನ ಪ್ರತಿಬಿಂಬಕ್ಕೆ ಸರಿಯಾಗಿ ಕೂರುವ ಹಾಗೆ ಮಾಡಿ. ಹಗಲಿನಲ್ಲೇ ಮಾಡಿ, ಆದರೆ ನೆರಳಿನಲ್ಲಿ. ಕೊಳವೆ ಯಾವತ್ತೂ ಸೂರ್ಯನ ಕಡೆ ತಿರುಗಬಾರದು. ಒಂದು ಕ್ಷಣ ಐಪೀಸಿನಲ್ಲಿ ಸೂರ್ಯ ಬಂದರೂ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಹಗಲು ಮುಚ್ಚಳ ಹಾಕಿ ಒಳಗೇ ಇಡಿ.

ರಾತ್ರಿ ಕೊನೆಯ ಪರೀಕ್ಷೆ. ಎತ್ತರದಲ್ಲಿರುವ ಒಂದು ನಕ್ಷತ್ರವನ್ನು ನಡುವಿಗೆ ತಂದು ಫೋಕಸ್ ಸ್ವಲ್ಪ ಕೆಡಿಸಿ. ಉಂಗುರದೊಳಗೆ ಉಂಗುರ ಕಾಣುತ್ತದೆ. ಎಲ್ಲ ಉಂಗುರಗಳ ನಡು ಒಂದೇ ಕಡೆ ಇದ್ದರೆ ಸರಿ. ಒಂದು ಬದಿಗೆ ಒತ್ತಿಕೊಂಡಿದ್ದರೆ ತಳದ ಸ್ಕ್ರೂವನ್ನು ಕೂದಲಷ್ಟು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ಧ್ರುವ ನಕ್ಷತ್ರ ಅಲುಗಾಡುವುದಿಲ್ಲ, ಅದರ ಮೇಲೆ ಮಾಡಿ ಅಂತ ಉತ್ತರದ ದೇಶದವರು ಹೇಳುತ್ತಾರೆ. ನಮ್ಮಲ್ಲಿ ಅದು ತೀರಾ ಕೆಳಗೆ, ಧೂಳಿನ ಪದರದಲ್ಲಿ ಇದೆ. ಬೇಡ.

ಧೂಳಿನ ಮಾತು ಬಂತು. ಎರೆಮಣ್ಣಿನ ಧೂಳು ಕನ್ನಡಿಯ ಮೇಲೆ ಕೂತರೆ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಗಾಳಿ ಊದುವ ರಬ್ಬರ್ ಬಲ್ಬಿನಿಂದ ಊದಿ. ಸ್ವಲ್ಪ ಧೂಳು ಉಳಿದರೆ ಫೋಟೋಕ್ಕೆ ಏನೂ ಆಗುವುದಿಲ್ಲ.

ಮೂರನೇ ಹೆಜ್ಜೆ: ಫೋಕಸ್

ಗುರುವಿನ ಅಂಚು ನೋಡಿ ಫೋಕಸ್ ಮಾಡಲು ಹೋದರೆ ಅರ್ಧ ಗಂಟೆ ಹೋಗುತ್ತದೆ. ಅದರ ಬದಲು ಪಕ್ಕದಲ್ಲಿರುವ ಅದರ ಚಂದ್ರಗಳನ್ನು ನೋಡಿ. ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ, 1610ರಲ್ಲಿ ಗೆಲಿಲಿಯೋ ನೋಡಿದ ಅದೇ ನಾಲ್ಕು. ಅವು ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕಿ ಆಗುವವರೆಗೆ ಗುಂಡಿ ತಿರುಗಿಸಿ. ಒಮ್ಮೆ ಸರಿಯಾದ ಜಾಗ ದಾಟಿ ಆಚೆ ಹೋಗಿ, ಮತ್ತೆ ವಾಪಸ್ ಬನ್ನಿ. ಎರಡು ಮೂರು ಸಲ ಹೀಗೆ ಮಾಡಿದರೆ ನಡುವಿನ ಜಾಗ ಕೈಗೇ ಗೊತ್ತಾಗುತ್ತದೆ.

ಗುಂಡಿ ಮುಟ್ಟಿದರೇ ಟೆಲಿಸ್ಕೋಪ್ ಅಲುಗುತ್ತದೆ, ಚಿತ್ರ ಕುಣಿಯುತ್ತದೆ. ಇದಕ್ಕೆ ನನ್ನ ಹತ್ತಿರ ಇರುವ ಸಾಧನ ಬಟ್ಟೆ ಒಣಹಾಕುವ ಕ್ಲಿಪ್ಪು. ಗುಂಡಿಗೆ ಅದನ್ನು ಕಚ್ಚಿಸಿ, ಕ್ಲಿಪ್ಪಿನ ತುದಿಯನ್ನು ಒಂದೇ ಬೆರಳಿನಿಂದ ತಳ್ಳುತ್ತೇನೆ. ಉದ್ದದ ಹಿಡಿ ಸಿಕ್ಕಿದ್ದರಿಂದ ತಿರುಗುವುದು ನಿಧಾನ, ಕೊಳವೆಯ ಮೇಲೆ ಕೈಯ ಭಾರ ಬೀಳುವುದಿಲ್ಲ. ನೀಲಿ ಬಣ್ಣದ ಆ ಕ್ಲಿಪ್ಪು ಈಗ ಎರಡು ವರ್ಷದಿಂದ ಅಲ್ಲೇ ಇದೆ. ಅದರ ಹಲ್ಲು ಸವೆದು ಗುಂಡಿಯ ಮೇಲೆ ಒಂದು ಬಿಳಿ ಗೆರೆ ಬಿದ್ದಿದೆ. ಕಳೆದ ಸಲ ಫೋಕಸ್ ಎಲ್ಲಿತ್ತು ಅಂತ ಆ ಗೆರೆ ನೋಡಿಯೇ ಕತ್ತಲಲ್ಲಿ ಅಂದಾಜು ಮಾಡುತ್ತೇನೆ.

ರಾತ್ರಿ ಚಳಿ ಏರಿದ ಹಾಗೆ ಫೋಕಸ್ ಸರಿಯುತ್ತದೆ. ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ.

ಮೊಬೈಲಿನಲ್ಲಿ ತೆಗೆಯುವುದಾದರೆ

ಮೊದಲು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಚೆಂದದ ಗಳಿಗೆಯಲ್ಲೇ ಫೋನು ಬರುತ್ತದೆ, ನಡುಗಿ ಎಲ್ಲ ಕೆಡುತ್ತದೆ. ದೊಡ್ಡ ಐಪೀಸಿನಲ್ಲಿ, ಅಂದರೆ 25 ಮಿಲಿಮೀಟರಿನದರಲ್ಲಿ ಗ್ರಹವನ್ನು ಹುಡುಕಿ ನಡುವಿಗೆ ತನ್ನಿ, ಆಮೇಲೆ 10 ಮಿಲಿಮೀಟರಿನದು ಹಾಕಿ. 1200 ಮಿಲಿಮೀಟರ್ ಟೆಲಿಸ್ಕೋಪಿನಲ್ಲಿ ಅದು 120 ಪಟ್ಟು. ಅಷ್ಟು ಸಾಕು. ಅಡಾಪ್ಟರ್ ಕೂರಿಸುವಾಗ ಮುಖ್ಯ ಲೆನ್ಸಿನ ಮೇಲೇ ಐಪೀಸ್ ಬರಬೇಕು. ಈಗಿನ ಮೊಬೈಲುಗಳು ಕತ್ತಲಲ್ಲಿ ತಾವೇ ಲೆನ್ಸ್ ಬದಲಾಯಿಸುತ್ತವೆ, ಪ್ರೊ ಮೋಡಿನಲ್ಲಿ 1 ಪಟ್ಟಿನ ಲೆನ್ಸನ್ನು ನೀವೇ ಆರಿಸಿಕೊಳ್ಳಿ.

ಪರದೆಯಲ್ಲಿ ಗುರು ಮೊದಲು ಬಿಳಿ ಬಲ್ಬಿನ ಹಾಗೆ ಕಾಣುತ್ತದೆ. ಪಟ್ಟೆ ಇರುವುದಿಲ್ಲ. ಬೆಳಕು ಜಾಸ್ತಿ ಆಗಿದೆ ಅಂತ ಅರ್ಥ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಳತೆ) 100ಕ್ಕೆ ಇಳಿಸಿ, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/125ರಿಂದ 1/250 ಸೆಕೆಂಡಿನ ನಡುವೆ ಇಟ್ಟು ಪಟ್ಟೆಗಳು ಮೂಡುವವರೆಗೆ ಕಡಿಮೆ ಮಾಡುತ್ತಾ ಹೋಗಿ. ಶನಿ ಮಂಕು, ಅದಕ್ಕೆ 1/30, 1/60 ಬೇಕಾಗುತ್ತದೆ. ಪರದೆಯಲ್ಲಿ ಸ್ವಲ್ಪ ಕಪ್ಪಾಗಿದೆ ಅನ್ನಿಸುವಷ್ಟಿದ್ದರೆ ಒಳ್ಳೇದು. ಫೋಕಸನ್ನು ಲಾಕ್ ಮಾಡಿ 4ಕೆ ವಿಡಿಯೋ ತೆಗೆಯಿರಿ. ಫೋಟೋ ಬೇಡ.

ಭೂಮಿ ತಿರುಗುವುದರಿಂದ ಗ್ರಹ ಪರದೆಯಲ್ಲಿ ಓಡುತ್ತದೆ, ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್. ಗ್ರಹವನ್ನು ಒಂದು ಅಂಚಿಗೆ ತಂದು ಕೈ ಬಿಡಿ, ಅಲುಗಾಟ ನಿಲ್ಲಲಿ, ಅದು ಇನ್ನೊಂದು ಅಂಚಿಗೆ ಹೋಗುವವರೆಗೆ ವಿಡಿಯೋ ಮಾಡಿ. 10 ಮಿಲಿಮೀಟರ್ ಐಪೀಸಿನಲ್ಲಿ ಒಂದೂವರೆ ನಿಮಿಷ ಸಿಗುತ್ತದೆ. ನಡುನಡುವೆ ತಳ್ಳಲು ಹೋಗಬೇಡಿ.

ಗ್ರಹದ ಕ್ಯಾಮೆರಾದಲ್ಲಿ

ಇಲ್ಲಿ ಒಂದು ಸುಲಭ ಲೆಕ್ಕ ಇದೆ. ಕ್ಯಾಮೆರಾದ ಪಿಕ್ಸೆಲ್ ಗಾತ್ರವನ್ನು 5ರಿಂದ ಗುಣಿಸಿ, ಬಂದ ಸಂಖ್ಯೆ ನಿಮಗೆ ಬೇಕಾದ ಎಫ್ ಅನುಪಾತ (ಫೋಕಲ್ ದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದ ಸಂಖ್ಯೆ). 2.9 ಮೈಕ್ರಾನ್ ಪಿಕ್ಸೆಲ್ ಇದ್ದರೆ ಎಫ್ 14.5. ನನ್ನ ಟೆಲಿಸ್ಕೋಪ್ ಎಫ್ 8, 2 ಪಟ್ಟಿನ ಬಾರ್ಲೋ ಹಾಕಿದರೆ ಎಫ್ 16. ಹತ್ತಿರವೇ ಆಯಿತು. 4 ಪಟ್ಟಿನದು ಹಾಕಿದರೆ ಎಫ್ 32, ಅಲ್ಲಿ ಗ್ರಹ ಮಂಕಾಗಿ, ಶಟರ್ ಉದ್ದವಾಗಿ, ಗಾಳಿಯ ನಡುಕ ಪ್ರತಿ ಫ್ರೇಮಿನಲ್ಲೂ ಸೇರಿಕೊಳ್ಳುತ್ತದೆ. ಆ ಅಂಗಡಿಯ ಲೆನ್ಸು ನನ್ನ ಕಪಾಟಿನಲ್ಲೇ ಉಳಿದದ್ದು ಇದಕ್ಕೇ. 2 ಪಟ್ಟಿನ ಬಾರ್ಲೋದಲ್ಲಿ ಗುರು ಸುಮಾರು 180 ಪಿಕ್ಸೆಲ್ ಅಗಲ ಬರುತ್ತದೆ. ಸಣ್ಣದು ಅನ್ನಿಸಬಹುದು, 6 ಇಂಚಿನ ಕನ್ನಡಿ ಕೊಡುವ ವಿವರ ಎಲ್ಲಾ ಅದರಲ್ಲೇ ಇದೆ.

ವಿಡಿಯೋ ಹಿಡಿಯಲು ಫೈರ್‌ಕ್ಯಾಪ್ಚರ್ ಅಥವಾ ಶಾರ್ಪ್‌ಕ್ಯಾಪ್ ಹಾಕಿಕೊಳ್ಳಿ. ಎಸ್‌ಇಆರ್ ಫೈಲ್ (ವಿಡಿಯೋವನ್ನು ಕುಗ್ಗಿಸದೆ ಇಡುವ ಬಗೆ), 8 ಬಿಟ್, ಬಣ್ಣ ಬಿಡಿಸದ ಕಚ್ಚಾ ರೂಪದಲ್ಲಿ ಉಳಿಸಿ. ಶಟರ್ ಗುರುವಿಗೆ 5ರಿಂದ 15 ಮಿಲಿಸೆಕೆಂಡ್, ಮಂಗಳಕ್ಕೆ ಅದಕ್ಕಿಂತ ಕಡಿಮೆ, ಶನಿಗೆ 20ರಿಂದ 30. ಗೇನ್, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಹೆಚ್ಚಿಸಿ ತೋರಿಸುವ ಮಟ್ಟ, ಏರಿಸಲು ಅಂಜಬೇಡಿ. ಕಣ ಕಣವಾಗಿ ಕಂಡರೂ ಸಾವಿರಾರು ಫ್ರೇಮ್ ಸೇರಿದಾಗ ಅದು ಅಳಿಸಿ ಹೋಗುತ್ತದೆ. ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್) 60ರಿಂದ 70 ಪರ್ಸೆಂಟಿಗೆ ಬರುವ ಹಾಗೆ ನೋಡಿ. ಕಲರ್ ಕ್ಯಾಮೆರಾಕ್ಕೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇಲ್ಲದಿದ್ದರೆ ಬಣ್ಣ ಕೆಡುತ್ತದೆ, ಅದೊಂದು ಹಾಕಿ.

ಎಷ್ಟು ಹೊತ್ತು ತೆಗೆಯಬೇಕು? ಗುರು 10 ಗಂಟೆಗೂ ಕಡಿಮೆ ಸಮಯದಲ್ಲಿ, 9 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ. ನಡುವಿನ ಕೆಂಪು ಮಚ್ಚೆ ಒಂದು ನಿಮಿಷಕ್ಕೆ ಕಾಲು ಆರ್ಕ್‌ಸೆಕೆಂಡ್, ಅಂದರೆ ಹೆಚ್ಚುಕಡಿಮೆ ಒಂದು ಪಿಕ್ಸೆಲ್ ಸರಿಯುತ್ತದೆ. ಆದ್ದರಿಂದ ಎರಡರಿಂದ ಮೂರು ನಿಮಿಷ, ಅಷ್ಟೇ. ಅದಕ್ಕಿಂತ ಉದ್ದದ ವಿಡಿಯೋಗಳನ್ನು ಸೇರಿಸಲು ವಿನ್‌ಜುಪೋಸ್ ಅನ್ನುವ ತಂತ್ರಾಂಶ ಇದೆ, ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಶನಿಗೆ ಐದು ನಿಮಿಷ ತೆಗೆದರೂ ತೊಂದರೆ ಇಲ್ಲ.

ಮೋಟಾರ್ ಇದ್ದರೆ ಗ್ರಹದ ಸುತ್ತ ಸಣ್ಣ ಚೌಕ, 640 x 480 ಇಟ್ಟುಕೊಳ್ಳಿ. ಸೆಕೆಂಡಿಗೆ 100 ಫ್ರೇಮ್ ಬರುತ್ತವೆ, ಮೂರು ನಿಮಿಷಕ್ಕೆ ಐದಾರು ಜಿಬಿ. ನನ್ನಂತೆ ಕೈಯಿಂದ ತಳ್ಳುವವರು ಪೂರ್ತಿ ಸೆನ್ಸರ್ ಬಳಸಬೇಕು. 5.6 ಮಿಲಿಮೀಟರ್ ಅಗಲದ ಸೆನ್ಸರನ್ನು ಗ್ರಹ ಅರ್ಧ ನಿಮಿಷದಲ್ಲಿ ದಾಟುತ್ತದೆ. ಹಾಗೆ ನಾಲ್ಕೈದು ಸಲ ದಾಟಿಸಿ, ಎಲ್ಲ ತುಣುಕು ಸೇರಿಸಬಹುದು. ತಳ್ಳಿದ ಮೇಲೆ ಎರಡು ಸೆಕೆಂಡ್ ಉಸಿರು ಬಿಗಿಹಿಡಿದು ಕೈ ದೂರ ಇಡಿ.

ನಮ್ಮ ನೆತ್ತಿಯ ಲಾಭದಲ್ಲಿ ಒಂದು ತೊಡಕೂ ಇದೆ. ಡಾಬ್ಸೋನಿಯನ್ ನೇರ ಮೇಲಕ್ಕೆ ನೋಡುವಾಗ ಪೀಠವನ್ನು ತಿರುಗಿಸಿದರೆ ಕೊಳವೆ ಇದ್ದಲ್ಲೇ ಸುತ್ತುತ್ತದೆ, ಗ್ರಹದ ಹಿಂದೆ ಹೋಗುವುದೇ ಇಲ್ಲ. ಹಾಗಾಗಿ ಗ್ರಹ ನೆತ್ತಿಗೆ ಬರುವ ಎರಡು ಗಂಟೆ ಮುಂಚೆ, ಸುಮಾರು 60 ಡಿಗ್ರಿ ಎತ್ತರದಲ್ಲಿ ಇರುವಾಗಲೇ ಕೆಲಸ ಮುಗಿಸಿ. ಇಲ್ಲಾ ಅದು ಪಶ್ಚಿಮಕ್ಕೆ ವಾಲಿದ ಮೇಲೆ ತೆಗೆಯಿರಿ. ಗಾಳಿಯ ಲೆಕ್ಕದಲ್ಲಿ ಹೆಚ್ಚು ಕಳೆದುಕೊಳ್ಳುವುದಿಲ್ಲ.

ಕಂಪ್ಯೂಟರಿನ ಮುಂದೆ

ಮೂರು ತಂತ್ರಾಂಶ ಬೇಕು, ಮೂರೂ ಉಚಿತ. ಪಿಐಪಿಪಿ, ಆಟೋಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್. ಮೂರೂ ವಿಂಡೋಸಿನಲ್ಲಿ ನಡೆಯುತ್ತವೆ.

ಪಿಐಪಿಪಿ ಮೊದಲು. ಮೊಬೈಲಿನ ವಿಡಿಯೋವನ್ನು ಎವಿಐ ಅಥವಾ ಎಸ್‌ಇಆರ್ ಆಗಿ ಬದಲಾಯಿಸುತ್ತದೆ, ಓಡುತ್ತಿರುವ ಗ್ರಹವನ್ನು ಪ್ರತಿ ಫ್ರೇಮಿನಲ್ಲೂ ನಡುವಿಗೆ ತರುತ್ತದೆ, ಸುತ್ತಲಿನ ಖಾಲಿ ಕಪ್ಪನ್ನು ಕತ್ತರಿಸುತ್ತದೆ. ತುಣುಕುಗಳನ್ನು ಸೇರಿಸುವುದೂ ಇಲ್ಲೇ.

ಆಟೋಸ್ಟ್ಯಾಕರ್ಟ್‌ನಲ್ಲಿ ಫೈಲ್ ತೆರೆದು ಪ್ಲಾನೆಟ್ ಅಂತ ಆರಿಸಿ, ಅನಲೈಸ್ ಒತ್ತಿ. ಎಲ್ಲ ಫ್ರೇಮನ್ನೂ ನೋಡಿ, ಚೆನ್ನಾಗಿರುವುದರಿಂದ ಕೆಟ್ಟದ್ದರವರೆಗೆ ಸಾಲು ಹಚ್ಚಿ ಒಂದು ಗ್ರಾಫ್ ತೋರಿಸುತ್ತದೆ. ಗೆರೆ ಬಹಳ ಹೊತ್ತು ಮೇಲೇ ಇದ್ದರೆ ಗಾಳಿ ಒಳ್ಳೆಯದಿತ್ತು, 40 ಪರ್ಸೆಂಟ್ ಇಟ್ಟುಕೊಳ್ಳಬಹುದು. ಬೇಗ ಬಿದ್ದರೆ 15 ಸಾಕು. ನಾನು ಒಂದೇ ವಿಡಿಯೋಗೆ 10, 25, 40 ಮೂರೂ ಮಾಡಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ತೀರಾ ಕಡಿಮೆ ಫ್ರೇಮ್ ತಗೊಂಡರೆ ಕಣಗಳು ಉಳಿಯುತ್ತವೆ, ತೀರಾ ಜಾಸ್ತಿ ಆದರೆ ಮಸುಕು. ಅಲೈನ್‌ಮೆಂಟ್ ಚೌಕಗಳನ್ನು (ಫ್ರೇಮುಗಳನ್ನು ಹೊಂದಿಸಲು ತಂತ್ರಾಂಶ ನೋಡುವ ಜಾಗಗಳು) 180 ಪಿಕ್ಸೆಲ್ಲಿನ ಗುರುವಿಗೆ 32ರಿಂದ 48ರ ಗಾತ್ರದಲ್ಲಿ ಹಾಕಿ, ಸ್ಟ್ಯಾಕ್ ಒತ್ತಿ. ಬಂದ ಚಿತ್ರ ಮಬ್ಬಾಗಿರುತ್ತದೆ. ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ, ವಿವರ ಎಲ್ಲ ಒಳಗೇ ಇದೆ.

ಅದನ್ನು ಹೊರಗೆ ತೆಗೆಯುವುದು ರೆಜಿಸ್ಟ್ಯಾಕ್ಸ್‌ನ ವೇವ್ಲೆಟ್. ಆರು ಪದರದ ಆರು ಸ್ಲೈಡರ್ ಇರುತ್ತವೆ. ಮೊದಲನೆಯದು ತೀರಾ ಸಣ್ಣ ವಿವರದ್ದು, ಕೊನೆಯದು ದೊಡ್ಡದರದ್ದು. ಎರಡು ಮತ್ತು ಮೂರನೆಯದನ್ನು ನಿಧಾನವಾಗಿ ಎಳೆಯಿರಿ. ಪಟ್ಟೆಗಳ ಅಂಚಿನ ಸುಳಿಗಳು ಒಂದೊಂದಾಗಿ ಮೇಲೆ ಬರುತ್ತವೆ. ಮೊದಲ ಸಲ ಇದನ್ನು ನೋಡಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ, ಈಗಲೂ ಆ ಖುಷಿ ಕಡಿಮೆ ಆಗಿಲ್ಲ. ಇಲ್ಲೇ ಕೈ ತಡೆಯಬೇಕು. ಅಂಚಿನಲ್ಲಿ ಬಿಳಿ ಗೆರೆ ಅಥವಾ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಪದರ ಕಂಡರೆ ಜಾಸ್ತಿ ಆಯಿತು, ಹಿಂದಕ್ಕೆ ಎಳೆಯಿರಿ. ಆರ್‌ಜಿಬಿ ಅಲೈನ್ ಒತ್ತಿದರೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಅಂಚು ಇದ್ದದ್ದು ಹೋಗುತ್ತದೆ. ಚಿತ್ರವನ್ನು ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ನೋಡಿ. ರಾತ್ರಿ ಎರಡಕ್ಕೆ ಚೆಂದ ಅನ್ನಿಸಿದ್ದು ಬೆಳಿಗ್ಗೆ ಕಣ್ಣಿಗೆ ಚುಚ್ಚುತ್ತದೆ.

ಯಾವ ಗ್ರಹ, ಯಾವಾಗ

ಶನಿ 2026ರ ಅಕ್ಟೋಬರ್ 4ರ ಸುಮಾರಿಗೆ ಸೂರ್ಯನ ಎದುರು ಬರುತ್ತದೆ. ನಮ್ಮಲ್ಲಿ ಸುಮಾರು 75 ಡಿಗ್ರಿ ಎತ್ತರಕ್ಕೆ ಏರುತ್ತದೆ. 2025ರ ಮಾರ್ಚಿನಲ್ಲಿ ಅದರ ಬಳೆ ನಮಗೆ ಅಂಚು ತೋರಿಸಿ ಗೆರೆಯಷ್ಟೇ ಆಗಿತ್ತು. ಈಗ ವರ್ಷ ವರ್ಷ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಪೂರ್ತಿ ಅಗಲ ಆಗುತ್ತದೆ. ಪ್ರತಿ ವರ್ಷ ಒಂದು ಫೋಟೋ ತೆಗೆದಿಟ್ಟರೆ ಆ ತೆರೆಯುವಿಕೆಯೇ ನಿಮ್ಮ ಕೈಯಲ್ಲಿ ಇರುತ್ತದೆ.

ಶನಿಯನ್ನು ನೋಡಲು ನಮ್ಮ ಮನೆಯಲ್ಲಿ ಅವ್ವ ಮೊದಲು ಒಪ್ಪಲಿಲ್ಲ. "ಬ್ಯಾಡೋ ತಮ್ಮಾ, ಶನಿ ಮಾರಿ ಯಾರರ ನೋಡ್ತಾರೇನು?" ಅಂದಳು. ಲ್ಯಾಪ್‌ಟಾಪ್ ಪರದೆಯಲ್ಲಾದರೂ ನೋಡು ಅಂತ ಕರೆದೆ. ಸೆರಗು ಹೊದ್ದುಕೊಂಡು ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ, "ಅಯ್ಯ, ಬಳಿ ಹಾಕ್ಯಾನಲ್ಲೋ ಇಂವಾ!" ಅಂದಳು. ಈಗ ನೆಂಟರು ಬಂದರೆ ಅವಳೇ ತೋರಿಸು ಅನ್ನುತ್ತಾಳೆ.

2027ರ ಫೆಬ್ರವರಿಗೆ ಈಗಲೇ ತಯಾರಾಗಿ. ಗುರು 10ರ ಸುಮಾರಿಗೆ, ಮಂಗಳ 19ರ ಸುಮಾರಿಗೆ, ಎರಡೂ ಸಿಂಹ ರಾಶಿಯಲ್ಲಿ, ಎರಡೂ ನಡುರಾತ್ರಿ ನಮ್ಮ ನೆತ್ತಿಗೆ ಒಂದೆರಡು ಡಿಗ್ರಿ ದೂರದಲ್ಲಿ ಹಾದು ಹೋಗುತ್ತವೆ. ಗುರುವಿನ ಕೆಂಪು ಮಚ್ಚೆ ಯಾವ ಹೊತ್ತಿಗೆ ನಮ್ಮ ಕಡೆ ತಿರುಗುತ್ತದೆ ಅಂತ ಆಕಾಶ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ಮೊದಲೇ ನೋಡಿಕೊಳ್ಳಿ. ಮಂಗಳ ಈ ಸಲ ಬರೀ 13.8 ಆರ್ಕ್‌ಸೆಕೆಂಡ್. 2018ರಲ್ಲಿ 24 ಇತ್ತು. ಆದರೂ ಧ್ರುವದ ಬಿಳಿ ಟೋಪಿ, ಕಪ್ಪು ಪ್ರದೇಶಗಳು 6 ಇಂಚಿಗೆ ಸಿಗುತ್ತವೆ. ಶುಕ್ರದಲ್ಲಿ ಚಂದ್ರನ ಹಾಗೆ ಹೆಚ್ಚುವ, ಕುಗ್ಗುವ ಆಕಾರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸೂರ್ಯ ಪೂರ್ತಿ ಮುಳುಗಿದ ಮೇಲೆ ಮಾತ್ರ ಅದರ ಕಡೆ ತಿರುಗಿಸಿ.

ಅಲ್ಲಿಯವರೆಗೆ ಚಂದ್ರನ ಮೇಲೆ ಕೈ ಪಳಗಿಸಿ. ಅಷ್ಟಮಿಯ ಚಂದ್ರನ ಬೆಳಕು ಕತ್ತಲು ಸೇರುವ ಗೆರೆಯ ಮೇಲಿನ ಕುಳಿಗಳು ಫೋಕಸ್ ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಜಾಗ. ತೆಗೆದ ಕಚ್ಚಾ ವಿಡಿಯೋಗಳನ್ನು ಅಳಿಸಬೇಡಿ. ಪ್ರತಿ ಫೈಲಿಗೆ ತಾರೀಖು, ಗಂಟೆ, ನಿಮಿಷ, ಗ್ರಹದ ಹೆಸರು ಬರೆದು ಬೇರೆ ಡಿಸ್ಕಿನಲ್ಲಿ ಇಡಿ. ಜೂನ್ ಜುಲೈನಲ್ಲಿ ಮೋಡ ಕವಿದು ವಾರಗಟ್ಟಲೆ ಒಂದು ಚಿಕ್ಕಿಯೂ ಕಾಣದಿರುವಾಗ, ಜನವರಿಯ ವಿಡಿಯೋಗಳನ್ನು ಮತ್ತೆ ತೆರೆದು ಬೇರೆ ಪರ್ಸೆಂಟ್, ಬೇರೆ ಸ್ಲೈಡರಿನಲ್ಲಿ ಮಾಡಿ ನೋಡಿ. ನನ್ನ ಹತ್ತಿರ ಇರುವ ಗುರುವಿನ ಎಲ್ಲಕ್ಕಿಂತ ಚೆಂದದ ಫೋಟೋ ತೆಗೆದದ್ದು ಜಾತ್ರೆಯ ವಾರದಲ್ಲಿ, ಮಾಡಿ ಮುಗಿಸಿದ್ದು ಮಳೆಗಾಲದಲ್ಲಿ.